ಕೆರೆಯಲ್ಲಿ ನಾರು ಹೆಚ್ಚಿದೆ

ಎಷ್ಟು ಬೆಲ್ಲ ಹಾಕಿದರೂ ಬೆಳಗಿನ ಕಾಫಿಯೊಳಗಿನ ಆ ವಾಸನೆ ಹೋಗುತ್ತಿರಲಿಲ್ಲ. ಮೊದಲು ಹಾಲನ್ನು ದೂರಿದೆ, ಆಮೇಲೆ ಚೊಂಬನ್ನು, ಕೊನೆಗೆ, ಗಂಡಸರ ಬುದ್ಧಿ ನೋಡಿ, ಕಾಸಿದವಳನ್ನೇ ದೂರಿದೆ. "ನೀರೇ ಅಂಗದೆ. ಕೆರೆತಾವ್ಕೆ ಓಗಿ ಮೂಸಿ ನೋಡಿ" ಎಂದು ನನ್ನ ಹೆಂಡತಿ ಲೋಟವನ್ನು ಮುಂದೆ ಕುಕ್ಕಿ ಒಳಗೆ ಹೋದಳು.

ಮೂಸುವುದಕ್ಕೆ ಕೆರೆಯವರೆಗೆ ಹೋಗಬೇಕಾಗಿರಲಿಲ್ಲ. ಕಟ್ಟಾಯದ ಬಳಿಯ ನಮ್ಮ ಹಳ್ಳಿಯಲ್ಲಿ ಬಾವಿಯ ನೀರು ಉಪ್ಪು; ಕುಡಿಯುವುದಕ್ಕೂ ಬೇಯಿಸುವುದಕ್ಕೂ ಕೆರೆಯೇ ಗತಿ. ಯುದ್ಧ ಶುರುವಾದ ಮೇಲೆ ಹಗ್ಗಕ್ಕೆ ಎಲ್ಲಿಲ್ಲದ ಬೇಡಿಕೆ ಹುಟ್ಟಿ, ಬೇಲಿಯ ಕತ್ತಾಳೆಗೂ ಮರ್ಯಾದೆ ಬಂದಿದೆ. ಅದರ ಪಟ್ಟೆಗಳನ್ನು, ಎಂದರೆ ದಪ್ಪ ಎಲೆಗಳನ್ನು, ಕಟ್ಟು ಕಟ್ಟಿ, ಕಲ್ಲು ಹೇರಿ ಕೆರೆಯಲ್ಲಿ ಮುಳುಗಿಸಿಟ್ಟರೆ ತಿರುಳು ಕೊಳೆತು ನಾರು ಉಳಿಯುತ್ತದೆ. ನಾರು ಮನೆಗೆ ಹೋಗುತ್ತದೆ, ಕೊಳೆ ಕೆರೆಯಲ್ಲೇ ನಿಲ್ಲುತ್ತದೆ. ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು; ನನ್ನ ಶಾಲೆಯ ಮಕ್ಕಳು ಪಾಠದ ನಡುವೆ ಹೊಟ್ಟೆ ಹಿಡಿದುಕೊಂಡು ಹೊರಗೋಡತೊಡಗಿದರು.

ಊರಿಗೊಬ್ಬನೇ ಮೇಷ್ಟ್ರಾದ್ದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಹಗ್ಗ ಹೊಸೆಯುವವರಲ್ಲಿ ಮೊದಲಿನವಳು ತಾಯಮ್ಮ. ಗಂಡನಿಲ್ಲದ ಹೆಂಗಸು, ಎರಡು ಹೆಣ್ಣುಮಕ್ಕಳನ್ನು ಆ ಹಗ್ಗದಿಂದಲೇ ಸಾಕುತ್ತಿರುವವಳು. ಅವಳ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸು ಬರಲಿಲ್ಲ. ನಮ್ಮ ಭಾಷೆಯ ಚಮತ್ಕಾರ ನೋಡಿ: ಹೂ ಕಟ್ಟುವುದೂ ನಾರು, ಮೂಗು ಮುಚ್ಚಿಸುವುದೂ ನಾರು. ಶ್ಲೇಷೆಯ ಚಪಲಕ್ಕೆ ಬಿದ್ದು, "ಈಚೆಗೆ ನಮ್ಮ ಕೆರೆಯಲ್ಲಿ ನಾರು ಬಹಳ ಹೆಚ್ಚಿದೆ, ಸರ್ಕಾರದವರು ಕೃಪೆಯಿಟ್ಟು ಗಮನಿಸಬೇಕು" ಎಂದು ಬರೆದೆ. ಯಾರನ್ನೂ ನೋಯಿಸದೆ ಎಲ್ಲವನ್ನೂ ಹೇಳಿಬಿಟ್ಟೆನೆಂದು ಒಳಗೊಳಗೇ ಬೀಗಿದೆ.

ಕಚೇರಿಯವರಿಗೆ ಒಂದೇ ಅರ್ಥ ಹೊಳೆಯಿತು. ಗ್ರಾಮ ಕೈಗಾರಿಕೆಯ ಈ ಏಳಿಗೆ ಸಂತೋಷದ ವಿಷಯ, ಇನ್ನಷ್ಟು ಮನೆಗಳು ಇದರಲ್ಲಿ ತೊಡಗಲಿ ಎಂದು ಉತ್ತರ ಬಂತು. ಅದನ್ನು ಊರ ಮುಂದೆ ಓದಿ ಹೇಳಬೇಕಾದವನೂ ನಾನೇ. ತಿಂಗಳೊಳಗೆ ಕೆರೆಯ ಅಂಚಿನ ತುಂಬ ಕತ್ತಾಳೆಯ ಕಟ್ಟುಗಳು.

ನಾಚಿಕೆ ತಡೆಯಲಾರದೆ ತಾಯಮ್ಮನ ಮನೆಗೆ ಹೋದೆ. ಅವಳ ಕಿರಿಯ ಮಗಳು ಭೇದಿಯಿಂದ ಸೋತು ಚಾಪೆಯ ಮೇಲೆ ಮಲಗಿದ್ದಳು. ಅರ್ಜಿಯ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

"ನಾವೂ ಅದೇ ನೀರ್ನೇ ಕುಡ್ಯಾದು ಸಾ" ಎಂದಳು. "ತೂಬಿನಾಚೆ ಒಂದ್ ಗುಂಡಿ ತೋಡ್ಸಿಕೊಟ್ರೆ ಪಟ್ಟೆ ಅಲ್ಲೇ ಆಕ್ಕತೀವಿ. ಇನ್ನೊಂದ್ ಅರ್ಜಿ ಬರೀರಿ. ಈ ಸಲ ನಾತ ಅಂತ್ಲೇ ಬರೀರಿ, ನನ್ ಎಸ್ರೂ ಆಕಿ." ಮಗಳ ಹಣೆ ಮುಟ್ಟಿ ನೋಡಿ, ದನಿ ತಗ್ಗಿಸಿ ಮುಂದುವರಿಸಿದಳು: "ನಿಮ್ ತಿಪ್ಪೆ ಕೆರೆಗಿಂತ ಮ್ಯಾಲದೆ. ಮಳೆ ಬಂದ್ರೆ ಗೊಬ್ರದ್ ನೀರೆಲ್ಲ ಅಲ್ಗೇ ಅರೀತದೆ. ಅದ್ನೂ ಬರೀರಿ."

ಸಗಣಿಯಿಂದ ನೆಲ ಸಾರಿಸಿ ಶುದ್ಧವಾಯಿತೆನ್ನುವ ಮನೆಯವನು ನಾನು. ಅದು ಕೊಳೆಯೆಂದು ನನಗೆ ತೋಚಿಯೇ ಇರಲಿಲ್ಲ. ಆ ಮಗು ಮಲಗಿದ್ದು ಕತ್ತಾಳೆಯಿಂದಲೋ ನನ್ನ ಎರಡು ಹಸುಗಳಿಂದಲೋ, ಹೇಳುವವರು ಯಾರು? ತಿಪ್ಪೆ ತೆಗೆದರೆ ಇನ್ನೆಲ್ಲಿ ಹಾಕಲಿ? ಹಿತ್ತಿಲಿರುವುದೇ ಅಷ್ಟು, ಆ ಗೊಬ್ಬರವಿಲ್ಲದೆ ನಮ್ಮ ತುಂಡು ಹೊಲದಲ್ಲಿ ರಾಗಿ ಏಳುವುದಿಲ್ಲ. ನೀವಾದರೆ ಏನು ಮಾಡುತ್ತಿದ್ದಿರೋ ಕಾಣೆ. ನನಗಂತೂ ಬಗೆಹರಿಯದು.

ಅರ್ಜಿಯಲ್ಲಿ ಕತ್ತಾಳೆಯ ಸಾಲು ಸರಾಗವಾಗಿ ಬಂತು. ತಿಪ್ಪೆಯ ಸಾಲನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿ, ನಾಲ್ಕನೆಯ ಸಲ ಉಳಿಸಿಕೊಂಡೆ. ತಾಯಮ್ಮ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡೇ ಬಂದು, ಎರಡೂ ಸಾಲುಗಳನ್ನು ಓದಿಸಿ ಕೇಳಿ, ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿ ಹೋದಳು.

ಅದಾಗಿ ಎಂಟು ದಿನವಾಯಿತು. ನಾನಿನ್ನೂ ರುಜು ಹಾಕಿಲ್ಲ.