ಕೆರೆಯಂಚಿಗೆ ಚೆಲ್ಲಿದ ಚರಗ

ಮಾಲತೇಶ ಸೀಗೆ ಹುಣ್ಣಿಮೆಯ ಮರುದಿನ ತೀರಿಕೊಂಡ. ಹೆಂಡತಿ ಕರೆವ್ವ ಬೆಳಿಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು.

ಅವನು ಹಿರೇಕೆರೂರಿನಿಂದ ಹಾವೇರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರನಾಗಿದ್ದ. ತನ್ನ ಊರಾಚೆಯ ಕೆರೆಯ ತಿರುವು ಬಂದರೆ ಸೀಟಿ ಹೊಡೆದು ಬಸ್ಸು ನಿಲ್ಲಿಸಿ, ಟಿಕೆಟ್ ಹರಿಯುವುದನ್ನು ಬಿಟ್ಟು ಕಿಟಕಿಯ ಕಡೆ ಬಗ್ಗುತ್ತಿದ್ದ. ಚಳಿಗಾಲದಲ್ಲಿ ಅಲ್ಲಿ ಹಿಮಾಲಯದಾಚೆಯಿಂದ ಬಂದ ಹೆಬ್ಬಾತುಗಳು ಇಳಿದಿರುತ್ತಿದ್ದವು. ಬೆಳ್ಳನೆಯ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ.

"ಟಿಕೆಟ್ ಇಲ್ಲದ ಅಷ್ಟು ದೂರದಿಂದ ಬಂದಾವು ನೋಡ್ರಿ. ಇವಕ್ಕ ದಂಡ ಹಾಕೋರು ಯಾರು?" ಎನ್ನುತ್ತಿದ್ದ.

ಮೆಕ್ಕೆಜೋಳದ ದರ ಮಾತಾಡುತ್ತಿದ್ದವರೂ ಕತ್ತು ತಿರುಗಿಸುತ್ತಿದ್ದರು. "ಸೀಟಿ ಹೊಡಿಯೋ ಮಾರಾಯಾ, ಸಂತಿ ಮುಗೀತೈತಿ" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗುವವರೆಗೂ ಬಸ್ಸು ನಿಂತೇ ಇರುತ್ತಿತ್ತು.

ನಿವೃತ್ತನಾದ ಮೇಲೆ ಅವನ ಸಂಜೆಗಳೆಲ್ಲ ಕೆರೆಯ ಏರಿಯ ಮೇಲೇ ಕಳೆದವು. ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಗೆಳೆಯ ಅಕ್ಬರಸಾಬ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದ. ಅಷ್ಟರಲ್ಲಿ ಸುತ್ತಲಿನ ಹೊಲಗಳು ಪ್ಲಾಟುಗಳಾಗತೊಡಗಿದ್ದವು. ಹತ್ತಿ ಬೆಳೆದು ಬೇಸತ್ತವರು ಮಾರಿದರು, ಬೆಲೆ ಬಂದಾಗಲೇ ಕೊಡಬೇಕು ಎಂದವರು ಮಾರಿದರು. ಮಾಲತೇಶನೂ ತನ್ನ ಪಾಲಿನ ಹೊಲ ಕೊಟ್ಟ.

ಆ ವರ್ಷದ ಸೀಗೆ ಹುಣ್ಣಿಮೆ ಬಂತು. ಅಂದು ಭೂಮಿತಾಯಿ ಬಸುರಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬಸುರಿಯ ಬಯಕೆ ತೀರಲೆಂದು ಕಡಬು, ಹೋಳಿಗೆ, ಪಲ್ಯ, ಅನ್ನ ಎಲ್ಲವನ್ನೂ ಕಲಸಿ ಪೈರಿನ ನಡುವೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಕರೆವ್ವ ಚರಗದ ಬುಟ್ಟಿ ಹೊತ್ತು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಎಲ್ಲಿಗೆ ಹೋಗೂದ್ರಿ ಈಗ?"

"ಕೆರಿಗೆ ನಡಿ. ಅದು ಎಲ್ಲಾರ ಹೊಲ."

ಹೊಲ ಕಳೆದುಕೊಂಡ ಉಳಿದ ಮನೆಗಳವರಿಗೂ ಅವನು ಅದನ್ನೇ ಹೇಳಿದ. ಜನ ಬಂದು ಕೂತು ಉಂಡರೆ ಈ ನೆಲಕ್ಕೆ ಯಾರೂ ಕೈ ಹಾಕಲಾರರು ಎಂಬುದು ಅವನ ಲೆಕ್ಕಾಚಾರ. ಅದು ಸುಳ್ಳಾಗಲಿಲ್ಲ. ಮುಂದೆ ಯಾರೋ ಕೆರೆಯಂಚಿಗೆ ಮಣ್ಣು ತುಂಬಲು ಲಾರಿ ತಂದಾಗ ಹೆಂಗಸರು ಅಡ್ಡ ನಿಂತರು. "ಇದು ನಾವು ಚರಗ ಚೆಲ್ಲೂ ಜಾಗ, ಗಾಡಿ ತಿರುಗಿಸ್ರಿ" ಎಂದರು. ಲಾರಿ ತಿರುಗಿ ಹೋಯಿತು. ಅಂದು ಸಂಜೆ ಮಾಲತೇಶ ಅಕ್ಬರಸಾಬನಿಗೆ ಎರಡೆರಡು ಸಲ ಚಹಾ ಕುಡಿಸಿದ.

ಮರುವರ್ಷ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು. ಆಮೇಲೆ ಹುಣ್ಣಿಮೆಯೇ ಬೇಕೆಂದಿರಲಿಲ್ಲ. ಭಾನುವಾರ ಬಂದರೆ ಹಾನಗಲ್ಲು, ಶಿಗ್ಗಾವಿಯಿಂದಲೂ ಬಿರಿಯಾನಿ ಡಬ್ಬಿ, ಹುಟ್ಟುಹಬ್ಬದ ಕೇಕು ಹಿಡಿದು ಬರುತ್ತಿದ್ದರು. ತಿಂದು ಉಳಿದದ್ದನ್ನು ಚೆಲ್ಲಿ ಹೋಗುತ್ತಿದ್ದರು. ಅನ್ನದ ವಾಸನೆ ಹಿಡಿದು ಬಂದ ಊರಿನ ನಾಯಿಗಳು ಅಲ್ಲೇ ಮರಿ ಹಾಕಿದವು.

ಆ ಚಳಿಗಾಲ ಹೆಬ್ಬಾತುಗಳು ದಡಕ್ಕೆ ಇಳಿದದ್ದೇ ತಡ, ನಾಯಿಗಳು ಹಿಂಡಾಗಿ ಮೇಲೆ ಬಿದ್ದವು. ಹಕ್ಕಿಗಳು ನೀರಿನ ಮೇಲೆ ಸುತ್ತಿ ಸುತ್ತಿ ಹೊರಟುಹೋದವು. ಅದರ ಮುಂದಿನ ವರ್ಷ ಮೇಲೆಯೇ ಹಾದುಹೋದವು, ಇಳಿಯಲೇ ಇಲ್ಲ. ಮಾಲತೇಶ ಏರಿಯ ಮೇಲೆ ನಿಂತು ಕೊನೆಯ ಹಕ್ಕಿ ಕಣ್ಮರೆಯಾಗುವವರೆಗೂ ನೋಡಿದ.

"ಮಂದಿನ್ನ ನೀ ಕರದಿ, ಖರೆ. ನಾಯಿನ್ನ ಯಾರು ಕರದ್ರಪಾ?" ಎಂದ ಅಕ್ಬರಸಾಬ, ಸಮಾಧಾನ ಹೇಳಲು.

"ನಾನ."

ಈ ವರ್ಷ ಹಬ್ಬಕ್ಕೆ ಮುಂಚೆ ಅವನು ಮನೆಮನೆಗೆ ಹೋದ. ಬರ್ರಿ, ಉಣ್ರಿ, ಉಳಿದದ್ದನ್ನು ತಿರುಗಿ ಒಯ್ಯಿರಿ, ಚೆಲ್ಲಬ್ಯಾಡ್ರಿ ಎಂದು ಕೈಮುಗಿದ. ಈ ಸಲವಾದರೂ ಹಕ್ಕಿಗಳು ಇಳಿಯಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಜನ ನಕ್ಕರು.

"ಏನ್ರಿ ಕಂಡಕ್ಟರ್ರ, ಹತ್ತಿಸ್ಕೊಂಡಾವ್ರೂ ನೀವ, ನಟ್ಟನಡುವ ಇಳಸಾವ್ರೂ ನೀವ?"

ಮನೆಯಲ್ಲಿ ಕರೆವ್ವ ನಗಲಿಲ್ಲ. "ಬಸರಿ ಹೆಣ್ಮಗಳ ಮುಂದ ಕುಂತು ನಾವಷ್ಟ ಉಂಡು ಬರೂದೇನ್ರಿ? ಹೊಲಾನೂ ಮಾರಿದ್ವಿ, ಈಗ ಆಕಿ ತುತ್ತೂ ಕಸಗೋಬೇಕೇನು?"

ಹುಣ್ಣಿಮೆಯ ದಿನ ಎಲ್ಲರೂ ಬಂದರು, ಉಂಡರು, ಚೆಲ್ಲಿದರು. ಕರೆವ್ವ ಅವನ ಮುಖ ನೋಡದೆ ಬುಟ್ಟಿ ಬರಿದು ಮಾಡಿದಳು.

ಬಿಸಿಲು ಇಳಿದು ಜನ ಕರಗಿದ ಮೇಲೆ ಮಾಲತೇಶ ಅಕ್ಬರಸಾಬನ ಅಂಗಡಿಯಿಂದ ಬಕೆಟ್ಟು ಕೇಳಿ ಪಡೆದ. "ಎಷ್ಟಂತ ಬಳೀತೀಯೋ, ಬಾ ಕುಂದ್ರು" ಎಂದು ಗೆಳೆಯ ಕರೆದರೂ ನಿಲ್ಲಲಿಲ್ಲ. ದಡದುದ್ದಕ್ಕೂ ಬಗ್ಗಿ ಅನ್ನ, ಕಡಬಿನ ಚೂರು, ಎಲ್ಲವನ್ನೂ ಮಣ್ಣಿನ ಸಮೇತ ಬಾಚಿದ. ಬಕೆಟ್ಟು ತುಂಬಿದ ಮೇಲೆ ಅದನ್ನು ನಾಯಿಗಳ ಮೂಗಿಗೆ ತೋರಿಸಿ, "ಬರ್ರೋ, ಬರ್ರೋ" ಎನ್ನುತ್ತ ಊರಿನ ಕಡೆ ನಡೆದ. ಪ್ಲಾಟಿನ ಕಲ್ಲುಗಳ ನಡುವೆ, ಬಸ್ಸಿನ ರಸ್ತೆ ದಾಟಿ, ಆಗಾಗ ಒಂದೊಂದು ಹಿಡಿ ಉದುರಿಸುತ್ತ. ಹಿಂದೆ ಆ ಹಿಂಡೆಲ್ಲ ಸಾಲಾಗಿ ಬಂತು. ತನ್ನ ಮನೆಯ ಅಂಗಳದಲ್ಲಿ ಬಕೆಟ್ಟು ಬೋರಲು ಹಾಕಿದ. ಕೊನೆಯ ಕುಂಟ ನಾಯಿ ಒಳಗೆ ಬರುವವರೆಗೂ ಕಾದು, ಗೇಟಿನ ಚಿಲಕ ಹಾಕಿದ.