ಯಂತ್ರಕ್ಕೊಬ್ಬಳು ಆಯಿ

ಕಪನೂರಿನ ಹಣ್ಣಿನ ಕಂಪನಿಯಲ್ಲಿ ಸಂಘಮಿತ್ರಾ ‘ಎ.ಐ. ಲೀಡರ್’ ಆದ ಸುದ್ದಿ ಕಮಲಾಪುರ ಮುಟ್ಟುವಷ್ಟರಲ್ಲಿ ಅರ್ಧ ಉದುರಿಹೋಗಿತ್ತು. ಲೀಡರ್ ಎಂದು ಕೇಳಿಸಿಕೊಂಡವರು ಓಟಿಗೆ ಯಾವಾಗ ನಿಲ್ಲುತ್ತೀ ಎಂದರು. ಅಜ್ಜಿ ಕಸ್ತೂರಿಬಾಯಿಗೆ ‘ಆಯಿ’ ಎಂದಷ್ಟೇ ಕೇಳಿಸಿತು; ಆ ಊರಲ್ಲಿ ಆಯಿ ಎಂದರೆ ಅಜ್ಜಿ.

“ಲಗ್ನಾ ಇಲ್ಲ, ಮಕ್ಕಳಿಲ್ಲ, ಸೀದಾ ಆಯಿನೇ ಆದೇನ ನನ್ನವ್ವ? ನನಗ ಆಯಿ ಆಗಾಕ ಐವತ್ತು ವರ್ಷ ಹಿಡೀತು!”

ಅಜ್ಜಿಯ ಕಿವಿ ಪೂರಾ ತಪ್ಪಿರಲಿಲ್ಲ. ಕ್ಯಾಮೆರಾ ಕಣ್ಣಿನ ಯಂತ್ರವೊಂದಕ್ಕೆ ಇದು ಹಣ್ಣು, ಇದು ಕಾಯಿ, ಇದು ಕೊಳೆತದ್ದು ಎಂದು ಕಲಿಸುವುದೇ ಸಂಘಮಿತ್ರಾಳ ಕೆಲಸ. ಕೂಸು ಜಾಣ, ಆದರೆ ಅದು ಕಂಡದ್ದೆಲ್ಲ ಹಳದಿ ಬಾಳೆ. ಕಮಲಾಪುರದ ಕೆಂಪು ಬಾಳೆ ಬೆಲ್ಟಿನ ಮೇಲೆ ಬಂದ ದಿನ ‘ಕೊಳೆತದ್ದು’ ಎಂದು ಬುಟ್ಟಿಗಟ್ಟಲೆ ತಳ್ಳಿಬಿಟ್ಟಿತು.

ಮಾಲೀಕ ಗುಲಾಮ್ ರಸೂಲ್ ಒಂದು ಕಾಗದ ಮುಂದಿಟ್ಟರು. “ಬೇಟಾ, ಶುಕ್ರವಾರದ ಮಟ ನೋಡ್ತೀನಿ. ಮಷೀನ್ ಸುಧಾರಿಸ್ಲಿಲ್ಲಂದ್ರ ಕೆಂಪು ಬಾಳಿ ಖರೀದಿ ಬಂದ್. ಸಹಿ ನಿಂದೇ.”

ತನ್ನೂರಿನ ಬಾಳೆಗೆ ತಾನೇ ಬಾಳಿಲ್ಲದಂತೆ ಮಾಡುವ ಸಹಿ!

ಮರುದಿನ ಅವಳು ಕಮಲಾಪುರದಲ್ಲಿ, ಅಜ್ಜಿ ಗೊನೆ ಮಾಗಿಸುವ ಕೋಣೆಯಲ್ಲಿದ್ದಳು. ಹುಲ್ಲಿನೊಳಗಿಂದ ಬೆಚ್ಚನೆಯ ಸಿಹಿ ವಾಸನೆ ಏಳುತ್ತಿತ್ತು. ಮಾಡಿನ ಸಂದಿಯಿಂದಿಳಿದ ಬಿಸಿಲು ಕೆಂಪು ಗೊನೆಗಳ ಮೇಲೆ ಮಲಗಿಬಿಟ್ಟಿತ್ತು. ಇನ್ನೂರು ಫೋಟೊ ತೆಗೆದಳು. ಯಾವುದು ಕಾಯಿ, ಯಾವುದು ಹಣ್ಣು ಎಂದು ಲೀಡರಿಗೇ ತಿಳಿಯಲಿಲ್ಲ.

“ಬಣ್ಣಾ ಏನ ನೋಡ್ತಿ? ಕಣ್ಣು ಮುಚ್ಚು,” ಎಂದು ಆಯಿ ಅವಳ ಹೆಬ್ಬೆರಳನ್ನು ಹಣ್ಣಿನ ಕುತ್ತಿಗೆಗೆ ಒತ್ತಿದಳು. ನಿದ್ದೆಹೋದ ಕೂಸಿನ ಕೆನ್ನೆಯಷ್ಟು ಮೆತ್ತಗೆ.

“ಆದರೂ ತಿಳೀಲಿಲ್ಲಂದ್ರ?”

“ತಿಳೀಲಿಲ್ಲಂತ ಹೇಳಬೇಕು. ಬಾಯಿಲ್ಲೇನ ನಿನ್ನ ಮಷೀನಿಗೆ?”

ಆಯಿ ಒಂದೊಂದೇ ಒತ್ತಿ ಹೇಳಿದಳು, ಇವಳು ಬರೆದುಕೊಂಡಳು. ಆಮೇಲೆ ಹುಲ್ಲಿಗೊರಗಿದ ಸಂಘಮಿತ್ರಾಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಯಂತ್ರ ಕುಲಾವಿ ಹಾಕಿಕೊಂಡು ಗೊನೆಗಳ ನಡುವೆ ಅಂಬೆಗಾಲಿಡುತ್ತಿತ್ತು. ಗೊತ್ತಾಗದಲ್ಲೆಲ್ಲ ನಿಂತು ಆಯಿಯ ಸೆರಗು ಜಗ್ಗುತ್ತಿತ್ತು. ಕಣ್ಣು ಬಿಟ್ಟಾಗ ಉತ್ತರ ಕೈಯಲ್ಲೇ ಇತ್ತು. ಬಾಳೆಹಣ್ಣೂ ಇತ್ತು. ಮೊದಲು ಅದನ್ನು ತಿಂದಳು.

ಶುಕ್ರವಾರ ಬೆಲ್ಟ್ ಓಡಿತು. ಆಯಿಯ ಫೋಟೊಪಾಠ ಕಲಿತ ಯಂತ್ರ ಕೆಲವನ್ನು ಹಣ್ಣೆಂದಿತು, ಕೆಲವನ್ನು ಕಾಯಿ ಎಂದಿತು. ಅನುಮಾನ ಬಂದಲ್ಲಿ ಗಕ್ಕನೆ ನಿಂತು ಪರದೆಯ ಮೇಲೆ ಬರೆಯಿತು: ‘ಆಯಿಗೆ ಕೇಳ್ರಿ.’ ಇಪ್ಪತ್ತು ವರ್ಷದಿಂದ ಅಲ್ಲಿ ಹಣ್ಣು ಆರಿಸುವ ಶೇವಂತಾ, ಆಯಿಯ ಜಾಗದಲ್ಲಿ ನಿಂತು, ಕಣ್ಣು ಮುಚ್ಚಿ, ಹೆಬ್ಬೆರಳು ಒತ್ತಿ, ತೀರ್ಪಿನ ಗುಂಡಿ ಅದುಮಿದಳು. ಕೊಳೆತದ್ದರ ಬುಟ್ಟಿಗೆ ಬಿದ್ದದ್ದು ಎರಡೇ. ಅವು ನಿಜಕ್ಕೂ ಕೊಳೆತವೇ.

“ಅರೇ, ಎ.ಐ.ನೇ ಎ.ಐ.ಗೆ ಕೇಳ್ರಿ ಅಂತದಲ್ಲ! ಯಾವ ಎ.ಐ. ಅದು ಬೇಟಾ?” ಪರದೆ ಓದಿದ ರಸೂಲ್ ಸಾಬ್ ಕೇಳಿದರು.

“ಹಳೇ ಮಾಡೆಲ್ ರೀ ಸಾಬ್. ಕಮಲಾಪುರದ್ದು. ಎಲಿ-ಅಡಿಕಿ ಮ್ಯಾಲ ನಡೀತದ.”

ರಸೂಲ್ ಸಾಬ್ ಒಂದು ಕೆಂಪು ಬಾಳೆ ಸುಲಿದರು, ಕಣ್ಣು ಮುಚ್ಚಿ ತಿಂದರು. ಸಿಪ್ಪೆ ಎಲ್ಲಿಡಲಿ ಎಂದು ಸುತ್ತ ನೋಡಿ, ಸಹಿಗೆಂದು ತಂದಿದ್ದ ಕಾಗದದಲ್ಲೇ ಅದನ್ನು ಸುತ್ತಿದರು.