‘ಬಾ ರಂಗಜ್ಜ’ ಎಂದದ್ದಕ್ಕೆ ಬಂದ ಉತ್ತರ

ದೆವ್ವ, ಪಿಶಾಚಿ, ಸತ್ತವರ ದನಿ ಎಂದರೆ ನಾನು ನಕ್ಕುಬಿಡುತ್ತಿದ್ದೆ. ಟಿ. ನರಸೀಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಬುದ್ಧನ ಹಾದಿಗೆ ಮೊದಲು ಬಂದ ಮನೆಗಳಲ್ಲಿ ನಮ್ಮದೂ ಒಂದು. ತಾಯಿತ ಕಟ್ಟಿಸಿಕೊಂಡು ಬಂದವರನ್ನು ಗೇಲಿ ಮಾಡುವುದೆಂದರೆ ನನಗೆ ಹಬ್ಬ. ಆ ನಗು ಈಗ ನನ್ನಲ್ಲಿ ಉಳಿದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ತಾತನ ಹೆಸರು ರಂಗಯ್ಯ, ಊರಿನವರ ಬಾಯಲ್ಲಿ ರಂಗಜ್ಜ. ಹುಲ್ಲಹಳ್ಳಿಯಲ್ಲಿದ್ದ ತಂಗಿಯನ್ನು ನೋಡಿಕೊಂಡು ಬರುತ್ತೇನೆಂದು ಒಂದು ಬೆಳಿಗ್ಗೆ ಹೊರಟವರು ಅಲ್ಲಿಗೂ ತಲುಪಲಿಲ್ಲ, ಮನೆಗೂ ಬರಲಿಲ್ಲ. ನಂಜನಗೂಡಿನಲ್ಲಿ ಬಸ್ಸಿಳಿದು ಹೊಳೆಯ ಕಡೆ ನಡೆದದ್ದನ್ನು ಕಂಡವರಿದ್ದರು. ಅಷ್ಟೇ. ಎಲ್ಲ ಕಡೆ ಹುಡುಕಿದೆವು, ಹೆಣವೂ ಸಿಗಲಿಲ್ಲ. ವರ್ಷಗಳು ಕಳೆದ ಮೇಲೆ ನೆಂಟರು ಅಜ್ಜಿಯ ಬಳೆ ತೆಗೆಸುವ ಮಾತೆತ್ತಿದರು. ಬುದ್ಧವಂದನೆ ಕಲಿತ ಮನೆಯಾದರೂ ಬಳೆ, ಕುಂಕುಮದ ಲೆಕ್ಕಾಚಾರ ನಮ್ಮನ್ನು ಬಿಟ್ಟಿರಲಿಲ್ಲ. ಅಜ್ಜಿ ಜಗ್ಗಲಿಲ್ಲ. ಇದ್ದಾರೆ ಅಂತಲಾದರೂ ಹೇಳಿ, ಇಲ್ಲ ಅಂತಲಾದರೂ ಹೇಳಿ ಎಂದು ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದಳು. ತಾನು ಹೆಂಡತಿಯೋ ವಿಧವೆಯೋ ಎಂಬುದಷ್ಟೇ ಅವಳಿಗೆ ಗೊತ್ತಾಗಬೇಕಿತ್ತು.

ಚಳಿಗಾಲದಲ್ಲಿ ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಟಿಬೆಟನ್ನರು ಸ್ವೆಟರ್ ಮಾರಲು ಬರುತ್ತಿದ್ದರು. ಅವರಲ್ಲಿ ಡೋಲ್ಮಾ ಎಂಬಾಕೆ ನಮಗೆ ಪರಿಚಯವಾದಳು. ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಮಾಡಿಯೇ ಕನ್ನಡ ಕಲಿತವಳು. ಒಂದು ವರ್ಷ ಅವರ ಹುಡುಗರೂ ನಮ್ಮ ಬೌದ್ಧ ಯುವಕರೂ ಸೇರಿ, ಟಿಬೆಟ್ ಸ್ವತಂತ್ರವಾಗಲಿ ಎಂದು ಹೊಳೆದಂಡೆಯ ಬಯಲಿನಲ್ಲಿ ಸಂಗೀತ ಕಾರ್ಯಕ್ರಮ ಇಟ್ಟರು. ಗಿಟಾರು, ಅವರ ತಂತಿವಾದ್ಯ, ನಮ್ಮವರ ತಮಟೆ, ನಡುನಡುವೆ ಬುದ್ಧನ ಸ್ತುತಿ. ಮನಸ್ಸಿಗೆ ಹಗುರವಾಗಲಿ ಎಂದು ಅಜ್ಜಿಯನ್ನು ನಾನೇ ಒತ್ತಾಯ ಮಾಡಿ ಕರೆದೊಯ್ದೆ. ಬಂದ ಜನಕ್ಕಿಂತ ಖಾಲಿ ಕುರ್ಚಿಗಳೇ ಹೆಚ್ಚಿದ್ದವು. ನಮ್ಮ ಕಡೆಯವರಿಗೆ ಟಿಬೆಟ್ ಎಂದರೆ ಸ್ವೆಟರು.

ಕತ್ತಲಾಗುವ ಹೊತ್ತಿಗೆ ಹಾಡುಗಾರ ಕೈಯೆತ್ತಿ “ಬೋ ರಂಗ್‌ಜೆನ್” ಎಂದು ಕೂಗಿದ. ಬೋ ಅಂದರೆ ಟಿಬೆಟ್, ರಂಗ್‌ಜೆನ್ ಅಂದರೆ ಸ್ವಾತಂತ್ರ್ಯ. ನಮ್ಮ ಜನದ ಕಿವಿಗೆ ಬಿದ್ದದ್ದೇ ಬೇರೆ. ಹಿಂದಿನ ಸಾಲಿನವರು “ಬಾ ರಂಗಜ್ಜ” ಎಂದು ನಗುತ್ತಾ ಕೂಗಿದರು. ನನಗೂ ನಗು ಬಂತು. ಪಕ್ಕಕ್ಕೆ ನೋಡಿದರೆ ಅಜ್ಜಿ ಎದ್ದು ನಿಂತಿದ್ದಳು. ರೇಷನ್ ಕಾರ್ಡಿನವರು ಕೇಳಿದಾಗಲೂ ಗಂಡನ ಹೆಸರು ಹೇಳದೆ ನನ್ನ ಕಡೆ ಕೈತೋರಿಸಿದವಳು ಅವಳು. ಎಲ್ಲರೂ ಕರೆಯುತ್ತಿದ್ದಾರೆ, ನಾನು ಕರೆದರೆ ತಪ್ಪೇನು ಎನಿಸಿತೇನೋ. ಜೀವ ಕಿತ್ತುಬರುವ ಹಾಗೆ “ಬಾ ರಂಗಜ್ಜಾ” ಎಂದು ಕೂಗಿದಳು.

ವಾದ್ಯಗಳು ನಿಂತಿದ್ದವು. ಹಿಂದೆ, ಹೊಳೆಯ ಕಡೆಯಿಂದ ಒಂದು ಗಂಡುದನಿ ನಿಧಾನವಾಗಿ ಹೇಳಿತು.

“ಬಂದೆ ಕಣಮ್ಮಿ.”

ತಾತ ಅಜ್ಜಿಗೆ ಓಗೊಡುತ್ತಿದ್ದದ್ದು ಹಾಗೆಯೇ. ಯಾರೋ ಕಿಡಿಗೇಡಿ ಅಂದಿರಬೇಕು ಎನ್ನುತ್ತೀರಿ. ನಾನೂ ಹಾಗೆ ಅಂದುಕೊಂಡೇ ಓಡಿದೆ. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಪಿಲೆ ತನ್ನ ಪಾಡಿಗೆ ಹರಿಯುತ್ತಿತ್ತು. ವಾಪಸು ಬಂದಾಗ ಡೋಲ್ಮಾ ಅಜ್ಜಿಯ ಕೈ ಹಿಡಿದುಕೊಂಡಿದ್ದಳು. ನಾನು ಬಾಯಿ ಬಿಡುವ ಮೊದಲೇ, ಬಂದೆ ಅಂದದ್ದು ತನಗೂ ಕೇಳಿಸಿತು ಎಂದಳು. ಆಮೇಲೆ ವೇದಿಕೆಯ ಕಡೆ ನೋಡುತ್ತಾ ಹೇಳಿದಳು, “ನಾವು ಎಷ್ಟು ವರ್ಷದಿಂದ ಕೂಗ್ತಾ ಇದೀವಿ. ನಮಗೆ ಯಾರೂ ಬಂದೆ ಅಂದಿಲ್ಲ.”

ಬಂದೆ ಅಂದವರೂ ಬರಲಿಲ್ಲ. “ಬತ್ತಾರೆ ಕಣ್ಲಾ, ನೀನೂ ಕೇಳುದ್ಯಲ್ಲ” ಎಂದು ಅಜ್ಜಿ ನನ್ನನ್ನೇ ಸಾಕ್ಷಿ ಮಾಡಿಕೊಂಡು ಬಾಗಿಲು ಕಾದಳು. ಮೊದಲು ಗೊತ್ತಿಲ್ಲವೆಂಬ ಸಂಕಟವಿತ್ತು, ನಿದ್ದೆಯಾದರೂ ಬರುತ್ತಿತ್ತು. ಈಗ ಅದೂ ಹೋಯಿತು. ಕೆಲವು ವರ್ಷ ಹಾಗೇ ಸವೆದು ತೀರಿಕೊಂಡಳು. ಆ ಸಂಗೀತಕ್ಕೆ ಯಾಕಾದರೂ ಕರೆದೊಯ್ದೆನೋ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆದ ಹೆಂಗಸರು ಮುಂದೇನು ಮಾಡುವುದೆಂದು ತಿಳಿಯದೆ ಕೂತರು. ಮುತ್ತೈದೆಯಾದರೆ ಕುಂಕುಮ ಇಡಬೇಕು, ಅಲ್ಲದಿದ್ದರೆ ಬಳೆ ಒಡೆಯಬೇಕು. ಕೊನೆಗೆ ನಮ್ಮ ಚಿಕ್ಕವ್ವ ನನ್ನ ಮುಖ ನೋಡಿದಳು.

“ಆ ದನಿ ಕೇಳ್ದೋನು ನೀನು. ನಿಮ್ಮ ತಾತ ಬದುಕವ್ರೋ ಇಲ್ವೋ, ನೀನೇ ಹೇಳ್ಬೇಕು ಕಣಪ್ಪ.”

ಎಲ್ಲರೂ ಕಾದರು. ಬಳೆ ಒಡೆಯಲು ಯಾರಿಗೂ ಕೈ ಬರಲಿಲ್ಲ, ತೊಳೆದ ಹಣೆಗೆ ಕುಂಕುಮ ಇಡಲೂ ಬರಲಿಲ್ಲ. ಕೈತುಂಬ ಬಳೆ, ಬರಿಹಣೆ, ಹಾಗೆಯೇ ಅಜ್ಜಿಯನ್ನು ಮಣ್ಣು ಮಾಡಿದೆವು.